ಟೊಕಮಾಕ್ ಒಳಗಿನ ಟಂಗ್‌ಸ್ಟನ್ ಅಯಾನುಗಳ ಬೆಳಕು ನೋಡಿ ತಾಪಮಾನ ಹೇಗೆ ಹೇಳ್ತಾರೆ?

ಪ್ಲಾಸ್ಮಾಪ್ರಿಯ:

ಎಂಎಸ್ಸಿ ಫಿಸಿಕ್ಸ್, ಕೊನೇ ಸೆಮಿಸ್ಟರ್. ಸೆಮಿನಾರ್‌ಗೆ ಟೊಕಮಾಕ್ (ಬಿಸಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ ಫ್ಯೂಷನ್ ಯಂತ್ರ) ಒಳಗಿನ ಪ್ಲಾಸ್ಮಾದ ಸ್ಪೆಕ್ಟ್ರೋಸ್ಕೋಪಿ ತಗೊಂಡಿದ್ದೇನೆ, ಅದರಲ್ಲೂ ಟಂಗ್‌ಸ್ಟನ್. ಓದ್ತಾ ಓದ್ತಾ ಮೂರು ಕಡೆ ಗಂಟು ಬಿದ್ದಿದೆ, ಬಿಡಿಸಿ ಕೊಡಿ.

ಮೊದಲನೆಯದು. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ದೊಡ್ಡ ಟೊಕಮಾಕ್ ಐಟರ್‌ನ ಒಳಗೋಡೆಗೆ ಟಂಗ್‌ಸ್ಟನ್ ಹಾಕ್ತಾರೆ ಅಂತ ಎಲ್ಲ ಕಡೆ ಇದೆ. ಜೊತೆಗೇ, ಪ್ಲಾಸ್ಮಾದ ನಡುಭಾಗಕ್ಕೆ ಲಕ್ಷಕ್ಕೆ ಕೆಲವೇ ಟಂಗ್‌ಸ್ಟನ್ ಅಯಾನು ಸೇರಿದರೂ ಕೆಲಸ ಕೆಡುತ್ತದೆ ಅಂತಲೂ ಇದೆ. ಇಷ್ಟು ತೊಂದರೆ ಕೊಡುವ ಲೋಹವನ್ನು ಗೋಡೆಗೆ ಯಾಕೆ ಹಾಕಬೇಕು? ಹಾಕಿದ ಮೇಲೆ ಅದರ ಬೆಳಕಿನಿಂದಲೇ ತಾಪಮಾನ ಹೇಳೋದು ಹೇಗೆ?

ಎರಡನೆಯದು. ಯಾವ ತಾಪಮಾನದಲ್ಲಿ ಪರಮಾಣು ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಿರುತ್ತದೆ ಅನ್ನೋದಕ್ಕೆ ನಮಗೆ ಸಹಾ ಸಮೀಕರಣ ಕಲಿಸಿದ್ದಾರೆ. ಈ ಪೇಪರ್‌ಗಳಲ್ಲಿ ಅದರ ಸುದ್ದಿಯೇ ಇಲ್ಲ. ಯಾಕೆ?

ಮೂರನೆಯದು. ಯಾವ ಅಯಾನು ಯಾವ ತರಂಗದೂರದ ಬೆಳಕು ಬಿಡುತ್ತದೆ ಅನ್ನುವ ರೇಖೆಗಳ ಪಟ್ಟಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಡೇಟಾಬೇಸ್‌ನಲ್ಲಿ ಸಿಗುತ್ತದೆ ಅಲ್ವಾ? ಮತ್ತೆ ಇಬಿಟ್ (ಎಲೆಕ್ಟ್ರಾನ್ ಕಿರಣದ ಅಯಾನು ಬಲೆ) ಅಂತ ಬೇರೆ ಯಂತ್ರ ಕಟ್ಟಿ ಅಲ್ಲಿ ಟಂಗ್‌ಸ್ಟನ್ ಅಳೆಯೋದು ಯಾವ ಕಾರಣಕ್ಕೆ?

ಗಣಿತ ಬಂದರೂ ಪರವಾಗಿಲ್ಲ, ಆದರೆ ಒಳಗೆ ಏನು ನಡೀತಿದೆ ಅನ್ನೋದು ಮನಸ್ಸಿಗೆ ಹತ್ತಬೇಕು.


ಕ್ವಾರ್ಟ್ಜ್_ಹರಳು:

ನಾನು ಎಕ್ಸ್‌ರೇ ಸ್ಪೆಕ್ಟ್ರೋಮೀಟರ್ ಕಡೆಯವನು. ಮೊದಲನೇ ಪ್ರಶ್ನೆ ತಗೊಳ್ತೇನೆ. ಸಹಾ ವಿಷಯ, ಇಬಿಟ್ ವಿಷಯ ಬೇರೆಯವರು ಹೇಳಲಿ.

ಟಂಗ್‌ಸ್ಟನ್‌ನ್ನು ಒಮ್ಮೆ ಎಲ್ಲರೂ ಕೈಬಿಟ್ಟಿದ್ದರು. 1970ರ ದಶಕದ ಕೊನೆಯಲ್ಲಿ ಪ್ರಿನ್ಸ್‌ಟನ್‌ನ ಪಿಎಲ್‌ಟಿ ಯಂತ್ರದಲ್ಲೂ ಓಕ್ ರಿಡ್ಜ್‌ನ ಓರ್ಮ್ಯಾಕ್‌ನಲ್ಲೂ ಟಂಗ್‌ಸ್ಟನ್ ಲಿಮಿಟರ್, ಅಂದರೆ ಪ್ಲಾಸ್ಮಾದ ಅಂಚನ್ನು ತಡೆಯುವ ತುಂಡು, ಇತ್ತು. ಪಿಎಲ್‌ಟಿಯಲ್ಲಿ ಪ್ಲಾಸ್ಮಾದ ನಡುಭಾಗ ಅಂಚಿಗಿಂತ ತಣ್ಣಗಾಗಿ ಹೋಗ್ತಿತ್ತು. ನಡುವೆ ಬಂದು ಸೇರಿದ ಟಂಗ್‌ಸ್ಟನ್ ಅಷ್ಟೊಂದು ಶಕ್ತಿಯನ್ನು ಬೆಳಕಾಗಿ ಹೊರಗೆ ಹಾಕ್ತಿತ್ತು. ಆಮೇಲೆ ಎಲ್ಲರೂ ಕಾರ್ಬನ್‌ಗೆ ಹೋದರು. ಕಾರ್ಬನ್‌ಗೆ ಇರೋದೇ 6 ಎಲೆಕ್ಟ್ರಾನ್. ಬಿಸಿ ಪ್ಲಾಸ್ಮಾದಲ್ಲಿ ಆರೂ ಉದುರಿಹೋಗ್ತವೆ. ಎಲೆಕ್ಟ್ರಾನ್ ಇಲ್ಲದ ಮೇಲೆ ರೇಖೆಯೂ ಇಲ್ಲ. ಟಂಗ್‌ಸ್ಟನ್‌ಗೆ 74. ಕೊನೇ ಎಲೆಕ್ಟ್ರಾನ್ ಕೀಳೋದಕ್ಕೆ ಸುಮಾರು 80.8 ಕೆಇವಿ (ಸಾವಿರ ಎಲೆಕ್ಟ್ರಾನ್‌ವೋಲ್ಟ್, ಶಕ್ತಿಯ ಅಳತೆ; ತಾಪಮಾನವನ್ನೂ ಇದರಲ್ಲೇ ಹೇಳ್ತೇವೆ) ಬೇಕು. ಐಟರ್‌ನ ನಡುಭಾಗದಲ್ಲಿ 20 ಕೆಇವಿ ಆಸುಪಾಸು ಇದ್ದರೂ ಹತ್ತು ಎಲೆಕ್ಟ್ರಾನ್ ಉಳಿದುಕೊಂಡ ಟಂಗ್‌ಸ್ಟನ್ 64+ ಅಂಥ ಅಯಾನುಗಳು ಅಲ್ಲಿ ಇದ್ದೇ ಇರುತ್ತವೆ, ಮತ್ತು ಉಳಿದ ಆ ಎಲೆಕ್ಟ್ರಾನ್‌ಗಳು ಸುಮ್ನೆ ಕೂರೋದಿಲ್ಲ, ಪೆಟ್ಟು ತಿಂದು ಮೇಲೇರಿ ಎಕ್ಸ್‌ರೇ ಉಗುಳಿ ಕೆಳಗಿಳೀತಾನೇ ಇರುತ್ತವೆ.

ಮತ್ತೆ ಯಾಕೆ ವಾಪಸ್ ಬಂತು? ಕಾರ್ಬನ್ ಸವೆಯುತ್ತದೆ. ಸವೆದದ್ದು ಇನ್ನೊಂದು ಕಡೆ ಪದರವಾಗಿ ಕೂರುತ್ತದೆ. ಕೂರುವಾಗ ಟ್ರಿಟಿಯಮ್ಮನ್ನೂ ಒಳಗೆ ಹಿಡಿದುಕೊಳ್ಳುತ್ತದೆ. ಟ್ರಿಟಿಯಮ್ ವಿಕಿರಣಶೀಲ, ಜೊತೆಗೆ ಸಿಗೋದೇ ಅಪರೂಪ, ಅದು ಗೋಡೆಯಲ್ಲಿ ಜಮೆ ಆಗ್ತಾ ಹೋದರೆ ರಿಯಾಕ್ಟರ್ ನಡೆಸಲು ಆಗೋದಿಲ್ಲ. ಟಂಗ್‌ಸ್ಟನ್ ಕರಗೋದು 3422 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸವೆತ ಕಡಿಮೆ, ಟ್ರಿಟಿಯಮ್ ಹಿಡಿಯೋದೂ ಕಡಿಮೆ. ಜರ್ಮನಿಯ ಗಾರ್ಷಿಂಗ್‌ನ ಆಸ್‌ಡೆಕ್ಸ್ ಅಪ್‌ಗ್ರೇಡ್‌ನವರು ಧೈರ್ಯ ಮಾಡಿ ಹಂತ ಹಂತವಾಗಿ ಬದಲಾಯಿಸಿ 2007ರ ಹೊತ್ತಿಗೆ ಇಡೀ ಗೋಡೆ ಟಂಗ್‌ಸ್ಟನ್ ಮಾಡಿದರು. ಇಂಗ್ಲೆಂಡಿನ ಜೆಟ್ 2011ರಲ್ಲಿ ಬೆರಿಲಿಯಮ್ ಗೋಡೆ, ಟಂಗ್‌ಸ್ಟನ್ ಡೈವರ್ಟರ್ (ಪ್ಲಾಸ್ಮಾದ ಬಿಸಿ, ಕೊಳೆ ಹೊರಗೆ ಹೋಗುವ ಭಾಗ) ಜೊತೆ ಶುರು ಮಾಡಿತು. ಐಟರ್ 2023ರಲ್ಲಿ ಬೆರಿಲಿಯಮ್ ಬಿಟ್ಟು ಒಳಗೋಡೆಯೂ ಟಂಗ್‌ಸ್ಟನ್ನೇ ಇರಲಿ ಅನ್ನುವ ಕಡೆ ತಿರುಗಿತು. ಅಂದರೆ ಈಗ ಅದರ ಅಯಾನು ಪ್ಲಾಸ್ಮಾಕ್ಕೆ ಬರೋದು ಖಚಿತ. ಎಷ್ಟು ಬಂತು, ಎಲ್ಲಿ ನಿಂತಿದೆ ಅಂತ ತಿಳಿಯಲೇಬೇಕು, ತಿಳಿಯೋದು ಅದರ ಬೆಳಕಿನಿಂದ ಮಾತ್ರ.

ಈಗ ತಾಪಮಾನ. ಇಲ್ಲಿ ಎರಡು ತಾಪಮಾನ ಇವೆ, ಬೇರೆ ಬೇರೆ ಇಡಿ. ಎಲೆಕ್ಟ್ರಾನ್‌ಗಳದ್ದು ಒಂದು, ಅಯಾನುಗಳದ್ದು ಒಂದು. ಅಯಾನುಗಳದ್ದು ಸಿಗೋದು ಡಾಪ್ಲರ್ ಅಗಲದಿಂದ. ಅಯಾನುಗಳು ಎಲ್ಲ ದಿಕ್ಕಿಗೂ ಓಡ್ತಿರುತ್ತವೆ, ನಮ್ಮ ಕಡೆ ಬರೋದರ ಬೆಳಕು ಸ್ವಲ್ಪ ನೀಲಿಗೆ, ದೂರ ಹೋಗೋದರದ್ದು ಕೆಂಪಿಗೆ ಸರಿದು ರೇಖೆ ಅಗಲ ಆಗುತ್ತದೆ. ಸೂತ್ರ ಸುಲಭ. ತಾಪಮಾನವನ್ನು ಇವಿಯಲ್ಲಿ ತಗೊಂಡು ಪರಮಾಣು ತೂಕದಿಂದ ಭಾಗಿಸಿ, ವರ್ಗಮೂಲ ತಗೊಂಡು 0.000077ರಿಂದ ಗುಣಿಸಿ. ಅಗಲ ಮತ್ತು ತರಂಗದೂರದ ಅನುಪಾತ ಬರುತ್ತದೆ.

ಆರ್ಗಾನ್ ತಗೊಳ್ಳಿ, ಲೆಕ್ಕ ನೀಟಾಗಿ ಬರುತ್ತದೆ. ಎರಡೇ ಎಲೆಕ್ಟ್ರಾನ್ ಉಳಿದ ಆರ್ಗಾನ್ 16+, ಮುಖ್ಯ ರೇಖೆ 3.949 ಆಂಗ್‌ಸ್ಟ್ರಾಮ್. ತೂಕ 40, ತಾಪಮಾನ 4000 ಇವಿ. ಭಾಗಿಸಿದರೆ 100, ವರ್ಗಮೂಲ 10, ಅನುಪಾತ 0.00077. ರೇಖೆಯ ಅಗಲ ಸುಮಾರು 0.003 ಆಂಗ್‌ಸ್ಟ್ರಾಮ್. ಇದನ್ನು ಕ್ವಾರ್ಟ್ಜ್ 110 ಹರಳಿನಿಂದ ಬಿಡಿಸಿದರೆ, ಅದರ 2ಡಿ (ಹರಳಿನ ಪದರಗಳ ಅಂತರದ ಎರಡರಷ್ಟು) 4.913 ಆಂಗ್‌ಸ್ಟ್ರಾಮ್, ಬ್ರ್ಯಾಗ್ ಕೋನ 53.5 ಡಿಗ್ರಿ. ಆ ಅಗಲ ಕೋನದಲ್ಲಿ 0.06 ಡಿಗ್ರಿ ಆಗುತ್ತದೆ. ಡಿಟೆಕ್ಟರ್ 3 ಮೀಟರ್ ದೂರ ಇಟ್ಟರೆ ಸುಮಾರು 3 ಮಿಲಿಮೀಟರ್ ಹರಡುತ್ತದೆ. ಅಷ್ಟು ಇದ್ದರೆ ಪಿಕ್ಸೆಲ್ ಡಿಟೆಕ್ಟರ್‌ಗೆ ಧಾರಾಳ ಸಾಕು. ಈ ಲೆಕ್ಕವನ್ನು ಸೆಮಿನಾರ್‌ನಲ್ಲಿ ಬೋರ್ಡ್ ಮೇಲೆ ಮಾಡಿ ತೋರಿಸಿ, ಕೋಟ್ಯಂತರ ಡಿಗ್ರಿ ಅನ್ನೋದು ಕಣ್ಣಿಗೆ ಕಾಣುವ ಮಿಲಿಮೀಟರ್ ಆಗುತ್ತದೆ.

ಹಾಗಾದರೆ ಆರ್ಗಾನ್ ಸಾಕಲ್ಲ ಅಂತೀರಾ? ಐಟರ್‌ನ ನಡುಭಾಗದಲ್ಲಿ ಆರ್ಗಾನ್ ಪೂರ್ತಿ ಬರಿದಾಗಿರುತ್ತದೆ. ಅಲ್ಲಿ ಎಲೆಕ್ಟ್ರಾನ್ ಉಳಿಸಿಕೊಳ್ಳುವ ಭಾರದ ಧಾತುವೇ ಬೇಕು. ಟಂಗ್‌ಸ್ಟನ್ 64+ ಅಯಾನಿನ ಒಂದು ಗಟ್ಟಿ ರೇಖೆ 9126 ಇವಿ, ಅಂದರೆ 1.36 ಆಂಗ್‌ಸ್ಟ್ರಾಮ್ ಹತ್ತಿರ ಇದೆ. ಕಷ್ಟ ಏನಂದರೆ ತೂಕ 184. ಅದೇ ತಾಪಮಾನಕ್ಕೆ ಆರ್ಗಾನ್‌ಗಿಂತ ಅಗಲ ಅರ್ಧಕ್ಕಿಂತ ಕಡಿಮೆ. ಸ್ಪೆಕ್ಟ್ರೋಮೀಟರ್ ಅಷ್ಟು ಚುರುಕಾಗಿರಬೇಕು.


ಹಸಿರುರೇಖೆ:

ಸಹಾ ಪ್ರಶ್ನೆಗೆ ನಾನು ಬರ್ತೇನೆ. ನನ್ನ ಕೆಲಸ ಸೂರ್ಯನ ಕೊರೋನಾ (ಅದರ ಹೊರ ವಾತಾವರಣ), ಆದರೆ ಭೌತಶಾಸ್ತ್ರ ಒಂದೇ.

ಮೇಘನಾದ ಸಹಾ 1920ರಲ್ಲಿ ಕೊಟ್ಟ ಸಮೀಕರಣಕ್ಕೆ ಒಂದು ಷರತ್ತು ಇದೆ. ಪ್ರತಿ ಕ್ರಿಯೆಗೂ ಅದರದೇ ಉಲ್ಟಾ ಕ್ರಿಯೆ ಸಮ ತೂಗಬೇಕು. ಎಲೆಕ್ಟ್ರಾನ್ ಗುದ್ದಿ ಇನ್ನೊಂದು ಎಲೆಕ್ಟ್ರಾನ್ ಕಿತ್ತರೆ, ಅದರ ಉಲ್ಟಾ ಅಂದರೆ ಎರಡು ಎಲೆಕ್ಟ್ರಾನ್ ಒಟ್ಟಿಗೆ ಬಂದು ಒಂದು ಅಂಟಿಕೊಳ್ಳೋದು. ಹಾಗೆ ಇಬ್ಬರು ಒಟ್ಟಿಗೆ ಸಿಗೋಕೆ ಸಾಂದ್ರತೆ ಜಾಸ್ತಿ ಬೇಕು. ನಕ್ಷತ್ರದ ಮೇಲ್ಮೈಯಲ್ಲಿ ಸಹಾ ಚೆನ್ನಾಗಿ ನಡೆಯುತ್ತದೆ. ಟೊಕಮಾಕ್‌ನಲ್ಲಿ ಒಂದು ಘನ ಸೆಂಟಿಮೀಟರ್‌ಗೆ ಎಲೆಕ್ಟ್ರಾನ್ 10ರ ಘಾತ 14ರ ಆಸುಪಾಸು. ಇಷ್ಟು ಬಿಸಿಗೆ, ಇಷ್ಟು ಎಲೆಕ್ಟ್ರಾನ್ ಕಳೆದುಕೊಂಡ ಅಯಾನಿಗೆ ಇದು ತೀರಾ ತೆಳು. ಗುದ್ದಿ ಕೀಳೋದು ನಡೆಯುತ್ತದೆ, ಆದರೆ ವಾಪಸ್ ಅಂಟಿಕೊಳ್ಳೋದು ಬೇರೆ ದಾರಿಯಲ್ಲಿ: ಒಂದೇ ಎಲೆಕ್ಟ್ರಾನ್ ಬಂದು, ಹೆಚ್ಚಿನ ಶಕ್ತಿಯನ್ನು ಬೆಳಕಾಗಿ ಬಿಟ್ಟು ಕೂರುತ್ತದೆ. ಆ ಬೆಳಕು ಪ್ಲಾಸ್ಮಾ ದಾಟಿ ಹೊರಗೆ ಹೋಗಿಬಿಡುತ್ತದೆ, ಹಾಗಾಗಿ ಉಲ್ಟಾ ಕ್ರಿಯೆ ಇಲ್ಲವೇ ಇಲ್ಲ. ಇದಕ್ಕೆ ಕೊರೋನಲ್ ಸಮತೋಲ ಅಂತಾರೆ. ಕೀಳೋದೂ ಅಂಟೋದೂ ಎರಡೂ ಎಲೆಕ್ಟ್ರಾನ್ ಸಾಂದ್ರತೆಗೆ ಅನುಪಾತದಲ್ಲೇ ಇರೋದರಿಂದ ಸಾಂದ್ರತೆ ಹೊಡೆದುಹೋಗಿ ತಾಪಮಾನ ಒಂದೇ ಉಳಿಯುತ್ತದೆ. ಸಹಾದಲ್ಲಿ ಹಾಗಲ್ಲ, ಅಲ್ಲಿ ಸಾಂದ್ರತೆ ಬಿಟ್ಟುಹೋಗೋದಿಲ್ಲ.

ಕೊರೋನಲ್ ಅನ್ನುವ ಹೆಸರು ಸೂರ್ಯನಿಂದಲೇ ಬಂದದ್ದು. 1869ರ ಗ್ರಹಣದಲ್ಲಿ 530.3 ನ್ಯಾನೋಮೀಟರ್‌ನ ಹಸಿರು ರೇಖೆ ಕಂಡಿತು, ಯಾವ ಧಾತುವಿನದ್ದು ಅಂತ ಗೊತ್ತಾಗದೆ ಕೊರೋನಿಯಮ್ ಅಂತ ಹೊಸ ಧಾತುವನ್ನೇ ಊಹಿಸಿದರು. ಅದು 13 ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ಅಂತ ಗ್ರೋಟ್ರಿಯಾನ್ ಮತ್ತು ಎಡ್ಲೆನ್ ಕೆಲಸದಿಂದ ಗೊತ್ತಾಗಿದ್ದು 1940ರ ಆಸುಪಾಸಿನಲ್ಲಿ. ಕಬ್ಬಿಣ ಆ ಸ್ಥಿತಿಗೆ ಬರಬೇಕಾದರೆ ಸುಮಾರು 20 ಲಕ್ಷ ಕೆಲ್ವಿನ್ ಬೇಕು. ಸೂರ್ಯನ ಮೇಲ್ಮೈ 6 ಸಾವಿರವೂ ಇಲ್ಲ. ಕೊರೋನಾ ಅಷ್ಟು ಬಿಸಿ ಅನ್ನೋದು ತಿಳಿದದ್ದೇ ಒಂದು ಲೋಹದ ಅಯಾನಿನ ರೇಖೆಯಿಂದ. ನಿಮ್ಮ ವಿಷಯ ಹುಟ್ಟಿದ್ದು ಅಲ್ಲಿ. ಇವತ್ತಿಗೂ ಆ ಹಸಿರು ರೇಖೆ ಕೆಲಸಕ್ಕೆ ಬರ್ತಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಕ್ಯಾಂಪಸ್‌ನಲ್ಲಿ ಜೋಡಿಸಿದ, ಕೊರೋನಾ ನೋಡುವ ವೆಲ್ಕ್ ಉಪಕರಣ, 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ಮೇಲೆ ಕೂತು ಅದೇ 530.3ನ್ನು ನೋಡ್ತದೆ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಟೊಕಮಾಕ್ ಹೆಸರೂ ಆದಿತ್ಯ. ಹುಡುಕುವಾಗ ಎರಡನ್ನೂ ಬೆರೆಸಬೇಡಿ.

ಇನ್ನೊಂದು ಮಾತು. ಈ ಹಸಿರು ರೇಖೆ ನಿಷಿದ್ಧ ರೇಖೆ, ಅಂದರೆ ಮಾಮೂಲಿ ವಿದ್ಯುತ್ ದ್ವಿಧ್ರುವದ ನಿಯಮ ಒಪ್ಪದ, ಬಹಳ ನಿಧಾನದ ಜಿಗಿತದಿಂದ ಬರುವ ರೇಖೆ. ಅದು ಕಾಂತೀಯ ದ್ವಿಧ್ರುವ ಜಿಗಿತ, ಕಬ್ಬಿಣದಲ್ಲಿ ಸೆಕೆಂಡಿಗೆ ಸುಮಾರು 60 ಸಲ ಮಾತ್ರ. ಆದರೆ ಇಂಥ ಜಿಗಿತದ ವೇಗ ನ್ಯೂಕ್ಲಿಯಸ್‌ನ ವಿದ್ಯುದಂಶ ಹೆಚ್ಚಿದ ಹಾಗೆ ಭಾರೀ ಏರುತ್ತದೆ, ಅಂದಾಜು 12ನೇ ಘಾತದಲ್ಲಿ. ಟಂಗ್‌ಸ್ಟನ್‌ಗೆ ಬರುವ ಹೊತ್ತಿಗೆ ಸೆಕೆಂಡಿಗೆ ಹತ್ತು ಲಕ್ಷ ಅಥವಾ ಅದಕ್ಕೂ ಮೇಲೆ. ಹಾಗಾಗಿ ಟೊಕಮಾಕ್‌ನಲ್ಲೂ ನಿಷಿದ್ಧ ರೇಖೆಗಳು ಧಾರಾಳವಾಗಿ ಕಾಣುತ್ತವೆ. 1978ರಲ್ಲೇ ಪಿಎಲ್‌ಟಿಯಲ್ಲಿ ಕಬ್ಬಿಣ 19+ನ ಇಂಥದೊಂದು ರೇಖೆಯನ್ನು 266.5 ನ್ಯಾನೋಮೀಟರ್‌ನಲ್ಲಿ ನೋಡಿದ್ದರು. ತರಂಗದೂರ ಉದ್ದ ಇದ್ದರೆ ದೊಡ್ಡ ಅನುಕೂಲ, ಮಸೂರ ಕಿಟಕಿ ಎಲ್ಲ ಮಾಮೂಲಿಯವೇ ಸಾಕು.


ಪ್ಲಾಸ್ಮಾಪ್ರಿಯ:

ತುಂಬಾ ಥ್ಯಾಂಕ್ಸ್, ಇಬ್ಬರಿಗೂ. ಸಾಂದ್ರತೆ ಹೊಡೆದುಹೋಗೋದು ಈಗ ಹೊಳೀತು.

ಹಾಗಾದರೆ ಟಂಗ್‌ಸ್ಟನ್ 46+ ರೇಖೆ ಜೋರಾಗಿ ಕಂಡರೆ ಅಲ್ಲಿ ಎಲೆಕ್ಟ್ರಾನ್ ತಾಪಮಾನ ಇಷ್ಟು ಅಂತ ನೇರ ಬರೆದುಬಿಡಬಹುದಾ? ಇನ್ನೂ ಒಂದು, 5 ನ್ಯಾನೋಮೀಟರ್ ಹತ್ತಿರ ಚಿತ್ರಗಳಲ್ಲಿ ರೇಖೆಯೇ ಇಲ್ಲ, ದೊಡ್ಡ ಗುಡ್ಡದ ಥರ ಇದೆ. ಅದೇನು?


ನಿಕ್ಕಲ್_ಬಳಗ:

ಆ ಗುಡ್ಡ ಮತ್ತು ಇಬಿಟ್ ಎರಡೂ ಒಂದೇ ಕಥೆ. ನಾನು ಪರಮಾಣು ಲೆಕ್ಕಗಳ ಕಡೆಯವಳು, ಇಬಿಟ್‌ನವರ ಜೊತೆ ಕೆಲಸ ಮಾಡ್ತೇನೆ.

ಸುಮಾರು 27+ರಿಂದ 35+ ತನಕದ ಟಂಗ್‌ಸ್ಟನ್ ಅಯಾನುಗಳಲ್ಲಿ ಹೊರಗಿನ ಚಿಪ್ಪು ಅರ್ಧಂಬರ್ಧ ತುಂಬಿರುತ್ತದೆ. 4ಡಿ ಉಪಚಿಪ್ಪಿನಲ್ಲಿ ಕೆಲವು ಎಲೆಕ್ಟ್ರಾನ್, ಪಕ್ಕದಲ್ಲೇ 4ಎಫ್, 4ಪಿ. ಎಷ್ಟು ಥರ ಜೋಡಿಸಬಹುದು ಅಂತ ಎಣಿಸಿದರೆ ಮಟ್ಟಗಳು ಸಾವಿರಗಟ್ಟಲೆ ಆಗುತ್ತವೆ. ಅವುಗಳ ನಡುವಿನ ಜಿಗಿತಗಳೆಲ್ಲ 5 ನ್ಯಾನೋಮೀಟರ್ ಸುತ್ತಲೇ ಬೀಳುತ್ತವೆ, ಒಂದು ಅಯಾನಿನದ್ದು ಇನ್ನೊಂದರ ಮೇಲೆ. ಜಾತ್ರೆಯಲ್ಲಿ ನಿಂತು ಒಬ್ಬರ ದನಿ ಹೆಕ್ಕೋದು ಎಷ್ಟು ಕಷ್ಟವೋ ಇಲ್ಲಿ ಒಂದು ರೇಖೆ ಹೆಕ್ಕೋದೂ ಅಷ್ಟೇ ಕಷ್ಟ. ಓರ್ಮ್ಯಾಕ್, ಪಿಎಲ್‌ಟಿ ಕಾಲದಿಂದ ಈ ಗುಡ್ಡ ಗೊತ್ತಿತ್ತು. ಒಳಗೆ ಯಾರ್ಯಾರ ಪಾಲು ಎಷ್ಟು ಅಂತ ಟೊಕಮಾಕ್‌ನಿಂದ ಹೇಳೋಕಾಗಲಿಲ್ಲ, ಯಾಕೆಂದರೆ ಅಲ್ಲಿ ಎಲ್ಲ ಅಯಾನುಗಳೂ ಒಟ್ಟಿಗೇ ಇರುತ್ತವೆ.

ಇಬಿಟ್ ಬೇಕಾದದ್ದು ಇದಕ್ಕೇ. 1986ರಲ್ಲಿ ಲಿವರ್‌ಮೋರ್‌ನಲ್ಲಿ ಮೊದಲನೆಯದು ಶುರುವಾಯಿತು. ಒಂದು ಎಲೆಕ್ಟ್ರಾನ್ ಕಿರಣ. ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಅದನ್ನು ಹಿಂಡಿ ಕೂದಲೆಳೆಯಷ್ಟು ಸಣ್ಣ ಮಾಡುತ್ತದೆ. ಕಿರಣದ ಋಣ ವಿದ್ಯುದಂಶವೇ ಅಯಾನುಗಳನ್ನು ಅಕ್ಕಪಕ್ಕ ಓಡದ ಹಾಗೆ ಹಿಡಿಯುತ್ತದೆ, ಎರಡೂ ತುದಿಯಲ್ಲಿ ವೋಲ್ಟೇಜ್ ಗೋಡೆ. ಟಂಗ್‌ಸ್ಟನ್‌ನ್ನು ಹೆಕ್ಸಾಕಾರ್ಬೊನಿಲ್ ಆವಿಯಾಗಿ ಒಳಗೆ ಬಿಡೋದು ಒಂದು ದಾರಿ. ಮುಖ್ಯ ವಿಷಯ, ಕಿರಣದ ಶಕ್ತಿ ನಮ್ಮ ಕೈಯಲ್ಲಿದೆ. ಟಂಗ್‌ಸ್ಟನ್ 45+ನಿಂದ ಇನ್ನೊಂದು ಎಲೆಕ್ಟ್ರಾನ್ ಕೀಳಲು 2414 ಇವಿ ಬೇಕು, 46+ನಿಂದ ಕೀಳಲು 4057 ಇವಿ. ಈ ಹಾರಿಕೆ ನೋಡಿ, 46+ನಲ್ಲಿ 28 ಎಲೆಕ್ಟ್ರಾನ್ ಉಳಿದು, ಮೂರನೇ ಚಿಪ್ಪು ಪೂರ್ತಿ ತುಂಬಿ ನಿಕ್ಕಲ್ ಪರಮಾಣುವಿನಷ್ಟೇ ಎಲೆಕ್ಟ್ರಾನ್ ಇರುತ್ತವೆ, ಅದನ್ನು ಒಡೆಯೋದು ಕಷ್ಟ. ಕಿರಣವನ್ನು 4000 ಇವಿಗೆ ಇಟ್ಟರೆ 46+ ಆಚೆ ಯಾವುದೂ ಹೋಗೋದಿಲ್ಲ. 4100ಕ್ಕೆ ಏರಿಸಿದಾಗ ಹೊಸದಾಗಿ ಹುಟ್ಟಿದ ರೇಖೆಗಳು 47+ನವು ಅಂತ ತಿಳಿದುಬಿಡುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಶಕ್ತಿ ಏರಿಸಿ ಬರ್ಲಿನ್ ಇಬಿಟ್‌ನವರು 21+ರಿಂದ 45+ ತನಕದ ಅಯಾನುಗಳ ಬೆಳಕು ಬಿಡಿಸಿದ್ದನ್ನು 2001ರಲ್ಲಿ ಪ್ರಕಟಿಸಿದರು, ಗುಡ್ಡ ಬಿಚ್ಚಿಕೊಂಡಿತು.

ನಿಸ್ಟ್ ಪಟ್ಟಿ ಆಕಾಶದಿಂದ ಬಿದ್ದದ್ದಲ್ಲ. ಟಂಗ್‌ಸ್ಟನ್‌ನ ಇಂಥ ಅಯಾನುಗಳಿಗೆ ಆ ಪಟ್ಟಿಯಲ್ಲಿ ಇರುವ ಎಷ್ಟೋ ಅಳತೆ ಇಬಿಟ್‌ಗಳಿಂದಲೇ ಬಂದವು, ನಿಸ್ಟ್‌ನವರದೇ ಒಂದು ಇಬಿಟ್ ಗೇತರ್ಸ್‌ಬರ್ಗ್‌ನಲ್ಲಿದೆ.

ಒಂದು ರೇಖೆಯನ್ನು ಹತ್ತಿರದಿಂದ ನೋಡಿ, 46+ನ 7.93 ಆಂಗ್‌ಸ್ಟ್ರಾಮ್. ಆಸ್‌ಡೆಕ್ಸ್ ಅಪ್‌ಗ್ರೇಡ್‌ನವರು ನಡುಭಾಗದ ಟಂಗ್‌ಸ್ಟನ್ ಅಳೆಯಲು ಇದನ್ನೇ ನೆಚ್ಚಿಕೊಂಡರು, ಅಂಚಿನ ಕಡೆಗೆ 5 ನ್ಯಾನೋಮೀಟರ್ ಗುಡ್ಡ. ಈ 7.93 ನಿಜವಾಗಿ ಎರಡು ರೇಖೆ, ಪಕ್ಕಪಕ್ಕ ಅಂಟಿಕೊಂಡಿವೆ. ಒಂದು ವಿದ್ಯುತ್ ಚತುರ್ಧ್ರುವ ಜಿಗಿತ, ಇನ್ನೊಂದು ಕಾಂತೀಯ ಅಷ್ಟಧ್ರುವ, ಎರಡೂ ನಿಷಿದ್ಧವೇ. ಎರಡನೆಯದು ಎಷ್ಟು ನಿಧಾನ ಅಂದರೆ, ಬೆಳಕು ಬಿಡುವ ಮೊದಲೇ ಇನ್ನೊಂದು ಎಲೆಕ್ಟ್ರಾನ್ ಗುದ್ದಿ ಅದನ್ನು ಬೇರೆ ಮಟ್ಟಕ್ಕೆ ಒಯ್ಯಬಹುದು. ಗುದ್ದಾಟ ಎಷ್ಟು ಅನ್ನೋದು ಸಾಂದ್ರತೆ ಮೇಲೆ ನಿಂತಿದೆ. ಇಬಿಟ್‌ನ ಸಾಂದ್ರತೆ ಟೊಕಮಾಕ್‌ಗಿಂತ ಸುಮಾರು ನೂರು ಪಟ್ಟು ಕಡಿಮೆ, ಹಾಗಾಗಿ ಅಲ್ಲಿ ಕಂಡ ಅನುಪಾತವನ್ನು ಹಾಗೇ ಎತ್ತಿ ಟೊಕಮಾಕ್‌ಗೆ ಇಡೋಕೆ ಬರೋದಿಲ್ಲ, ನಡುವೆ ಮಾಡೆಲ್ ಬೇಕೇ ಬೇಕು. ಜೊತೆಗೆ ಇಬಿಟ್ ಕಿರಣ ಒಂದೇ ದಿಕ್ಕಿಗೆ, ಒಂದೇ ಶಕ್ತಿಯಲ್ಲಿ ಹೋಗುತ್ತದೆ, ಬೆಳಕು ಧ್ರುವೀಕೃತ ಆಗಿರುತ್ತದೆ. ಹರಳು 45 ಡಿಗ್ರಿ ಹತ್ತಿರ ಇದ್ದರೆ ಅದೇ ಒಂದು ಪೋಲರೈಸರ್ ಥರ ಕೆಲಸ ಮಾಡಿ ತೀವ್ರತೆಯನ್ನು ತಪ್ಪಾಗಿ ತೋರಿಸುತ್ತದೆ. ತರಂಗದೂರಕ್ಕೆ ಇಬಿಟ್ ನಂಬಿ. ತೀವ್ರತೆಗೆ ಈ ಎರಡು ತಿದ್ದುಪಡಿ ಮಾಡದೆ ನಂಬಬೇಡಿ.


ಕ್ವಾರ್ಟ್ಜ್_ಹರಳು:

46+ ಕಂಡರೆ ತಾಪಮಾನ ಇಷ್ಟು ಅಂತ ನೇರ ಬರೆಯಬೇಡಿ. ಸೆಮಿನಾರ್‌ನಲ್ಲಿ ಯಾರಾದರೂ ಇದನ್ನೇ ಹಿಡಿದು ಕೇಳ್ತಾರೆ.

ಕೊರೋನಲ್ ಸಮತೋಲದ ಪ್ರಕಾರ 46+ ಜಾಸ್ತಿ ಇರೋದು 3ರಿಂದ 5 ಕೆಇವಿ ನಡುವೆ, ಸರಿ. ಆದರೆ ಇದು ಅಗಲವಾದ ಶ್ರೇಣಿ. ಮುಚ್ಚಿದ ಚಿಪ್ಪು ಆಗಿರೋದರಿಂದ ಅದು ಅಷ್ಟು ಬೇಗ ಹೋಗೋದಿಲ್ಲ. ಇನ್ನೂ ಮುಖ್ಯ, ಅಯಾನುಗಳು ನಿಂತಲ್ಲಿ ನಿಲ್ಲೋದಿಲ್ಲ. ಬಿಸಿ ಜಾಗದಿಂದ ತಣ್ಣನೆ ಜಾಗಕ್ಕೆ ಸರಿದರೆ ಕಳೆದುಕೊಂಡ ಎಲೆಕ್ಟ್ರಾನ್ ವಾಪಸ್ ಸಿಗುವ ಮೊದಲೇ ಮುಂದೆ ಹೋಗಿರುತ್ತವೆ. ಹಸಿರುರೇಖೆ ಅವರು ಹೇಳಿದ ಸಮತೋಲ ಕೊರೋನಾದಲ್ಲೂ ಪೂರ್ತಿ ನಿಲ್ಲೋದಿಲ್ಲ ಅಂದುಕೊಳ್ಳುತ್ತೇನೆ, ಟೊಕಮಾಕ್‌ನ ಅಂಚಿನಲ್ಲಂತೂ ಖಂಡಿತ ನಿಲ್ಲೋದಿಲ್ಲ. ಜೆಟ್‌ನಲ್ಲಿ ಪ್ಲಾಸ್ಮಾ ಜೋರಾಗಿ ಸುತ್ತುವಾಗ ಭಾರದ ಟಂಗ್‌ಸ್ಟನ್ ಹೊರಬದಿಗೆ ತಳ್ಳಿಕೊಂಡು ಒಂದು ಕಡೆಗೇ ಸೇರಿಕೊಳ್ಳೋದು ಎಕ್ಸ್‌ರೇ ಚಿತ್ರದಲ್ಲಿ ಚೆನ್ನಾಗಿ ಕಂಡಿತು. ನಡುಭಾಗಕ್ಕೆ ರೇಡಿಯೋ ತರಂಗದ ಬಿಸಿ ಕೊಟ್ಟರೆ ಅದು ಹೊರಗೆ ಹೋಗೋದೂ ಕಂಡಿತು. ನಮ್ಮ ಸ್ಪೆಕ್ಟ್ರೋಮೀಟರ್ ಒಂದು ಗೆರೆಯುದ್ದಕ್ಕೂ ಬಂದ ಬೆಳಕನ್ನು ಕೂಡಿಸಿ ಕೊಡುತ್ತದೆ. ಆ ಮೊತ್ತದಿಂದ ಎಲ್ಲಿ ಎಷ್ಟು ಅಂತ ಬಿಡಿಸೋದು ಬೇರೆಯೇ ಕೆಲಸ.

ಎಲೆಕ್ಟ್ರಾನ್ ತಾಪಮಾನ ರೇಖೆಯಿಂದ ಬೇಕಾದರೆ ಉಪಗ್ರಹ ರೇಖೆಗಳನ್ನು ನೋಡಿ. ಆರ್ಗಾನ್ 16+ಗೇ ವಾಪಸ್ ಹೋಗೋಣ. ಅದಕ್ಕೆ ಒಂದು ಎಲೆಕ್ಟ್ರಾನ್ ಬಂದು ಅಂಟಿ, ಒಳಗಿನದನ್ನೂ ಮೇಲೇರಿಸಿದರೆ, ಮುಖ್ಯ ರೇಖೆಗಿಂತ ಸ್ವಲ್ಪ ಉದ್ದದ ತರಂಗದೂರದಲ್ಲಿ ಕೆ ಅನ್ನುವ ಉಪಗ್ರಹ ಬರುತ್ತದೆ, 3.990 ಆಂಗ್‌ಸ್ಟ್ರಾಮ್. ಎರಡೂ ಹುಟ್ಟೋದು ಅದೇ 16+ನಿಂದ. ಅಯಾನು ಎಷ್ಟಿದೆ ಅನ್ನೋದು ಅನುಪಾತದಲ್ಲಿ ಹೊಡೆದುಹೋಗಿ ತಾಪಮಾನ ಮಾತ್ರ ಉಳಿಯುತ್ತದೆ, ಅಯಾನು ಎಲ್ಲಿಂದ ಸರಿದು ಬಂದಿದ್ದರೂ ತೊಂದರೆ ಇಲ್ಲ. ಪಕ್ಕದಲ್ಲೇ ಜೆ ಅನ್ನುವ ಉಪಗ್ರಹ 3.9939, ಝಡ್ ಅನ್ನುವ ನಿಷಿದ್ಧ ರೇಖೆ 3.9943. ಇವೆರಡರ ಅಂತರ ನಾನು ಮೇಲೆ ತೆಗೆದ ಡಾಪ್ಲರ್ ಅಗಲದ ಏಳೆಂಟನೇ ಒಂದು ಭಾಗದಷ್ಟು ಮಾತ್ರ, ಬಿಡಿಸಲು ಬರೋದೇ ಇಲ್ಲ. ಜೆ ಎಷ್ಟು ಅಂತ ಕೆಯಿಂದ ಲೆಕ್ಕ ಹಾಕಿ ಕಳೆಯಬೇಕು.

ಪ್ಲಾಸ್ಮಾ ಸುತ್ತುವ ವೇಗಕ್ಕೆ ನಿಖರತೆ ಇನ್ನೂ ಜಾಸ್ತಿ ಬೇಕು. ಸೆಕೆಂಡಿಗೆ 30 ಕಿಲೋಮೀಟರ್ ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಸರಿತ. ನಿಂತ ಅಯಾನಿನ ತರಂಗದೂರ ಅದಕ್ಕಿಂತ ಚೆನ್ನಾಗಿ ಗೊತ್ತಿರದಿದ್ದರೆ ವೇಗದ ಸೊನ್ನೆ ಎಲ್ಲಿದೆ ಅಂತಲೇ ಗೊತ್ತಾಗೋದಿಲ್ಲ. ನಿಕ್ಕಲ್_ಬಳಗ ಅವರ ಅಳತೆಗಳಿಗೆ ನಾವು ಕಾದು ಕೂರೋದು ಇದಕ್ಕೇ. ಐಟರ್‌ನ ಸರ್ವೇ ಎಕ್ಸ್‌ರೇ ಸ್ಪೆಕ್ಟ್ರೋಮೀಟರ್ ಭಾರತದ ಪಾಲಿಗೆ ಬಂದಿದೆ, ಯಾವ ಯಾವ ಲೋಹ ಒಳಗೆ ಬಂತು ಅಂತ ನೋಡುವ ಉಪಕರಣ. ನಮ್ಮ ಹುಡುಗರು ಹುಡುಗಿಯರು ಈ ರೇಖೆಗಳನ್ನು ಕಲಿಯಬೇಕು ಅಂತ ನನಗೆ ಬಹಳ ಆಸೆ.


ಪ್ಲಾಸ್ಮಾಪ್ರಿಯ:

ಪ್ರಾಜೆಕ್ಟನ್ನೇ ಇದರಲ್ಲಿ ಮಾಡಬೇಕು ಅನ್ನಿಸ್ತಿದೆ. ನಮ್ಮ ಕಾಲೇಜಿನಲ್ಲಿ ಯಂತ್ರ ಯಾವುದೂ ಇಲ್ಲ, ಒಂದು ಲ್ಯಾಪ್‌ಟಾಪ್ ಇದೆ. ಎಲ್ಲಿಂದ ಶುರು ಮಾಡಲಿ?


ನಿಕ್ಕಲ್_ಬಳಗ:

ಲ್ಯಾಪ್‌ಟಾಪ್ ಸಾಕು. ಪರಮಾಣುವಿನ ಲೆಕ್ಕ ಮಾಡುವ ಎಫ್‌ಎಸಿ ಅನ್ನುವ ಕೋಡ್ ಉಚಿತ, ಪೈಥಾನ್‌ನಿಂದ ಓಡಿಸಬಹುದು. ಗುಡ್ಡದ ಕಡೆ ಈಗ ಹೋಗಬೇಡಿ, ಮೊದಲೇ ದಣಿಯುತ್ತೀರಿ. 46+ ತಗೊಳ್ಳಿ, ಮುಚ್ಚಿದ ಚಿಪ್ಪು, ಮಟ್ಟಗಳು ಕಡಿಮೆ. ಮೂರನೇ ಚಿಪ್ಪಿನ ಒಂದು 3ಡಿ ಎಲೆಕ್ಟ್ರಾನ್‌ನ್ನು 4ಎಸ್, 4ಪಿ, 4ಡಿ, 4ಎಫ್‌ಗೆ ಏರಿಸಿದ ಸ್ಥಿತಿಗಳನ್ನು ಸೇರಿಸಿ. ಶಕ್ತಿ ಮಟ್ಟ, ಜಿಗಿತದ ವೇಗ, ಗುದ್ದಾಟದ ದರ ಮೂರನ್ನೂ ತೆಗೆಯಿರಿ. ಜಿಗಿತ ಕೇಳುವಾಗ ವಿದ್ಯುತ್ ದ್ವಿಧ್ರುವಕ್ಕೆ ನಿಲ್ಲಿಸಬೇಡಿ, ಚತುರ್ಧ್ರುವ ಮತ್ತು ಕಾಂತೀಯ ಅಷ್ಟಧ್ರುವ ಬೇಕು ಅಂತ ಬೇರೆಯಾಗಿ ಹೇಳಬೇಕು, ಇಲ್ಲದಿದ್ದರೆ 7.93 ಕಾಣೋದೇ ಇಲ್ಲ. ಆಮೇಲೆ ಒಂದು ಘನ ಸೆಂಟಿಮೀಟರ್‌ಗೆ 10ರ ಘಾತ 12 ಮತ್ತು 14, ಎರಡು ಸಾಂದ್ರತೆಯಲ್ಲಿ ಆ ಜೋಡಿ ರೇಖೆಯ ಅನುಪಾತ ಹಾಕಿ ನೋಡಿ. ತರಂಗದೂರವನ್ನು ನಿಸ್ಟ್ ಪಟ್ಟಿ ಜೊತೆ ಹೋಲಿಸಿ. ಅಷ್ಟು ಬಂದರೆ ಪ್ರಾಜೆಕ್ಟ್‌ನ ಅರ್ಧ ಮುಗಿದ ಹಾಗೆ.

ಇನ್‌ಸ್ಟಾಲ್ ಮಾಡುವಾಗ ಸಿ ಜೊತೆ ಫೋರ್ಟ್ರಾನ್ ಕಂಪೈಲರ್ ಕೂಡ ಬೇಕಾಗುತ್ತದೆ. ಎಲ್ಲಾದರೂ ನಿಂತರೆ ಎರರ್ ಮೆಸೇಜನ್ನು ಪೂರ್ತಿ ಇಲ್ಲೇ ಹಾಕಿ, ನೋಡ್ತೇನೆ.